ಆಯಿ ಖುಷಿಯಿಂದ ಕೊಟ್ಟಳಂತೆ!

ಈಗೀಗ ನಮ್ಮವರಲ್ಲಿ ವಂಶವೃಕ್ಷ ಮಾಡಿಸುವ ಹುರುಪು ಜಾಸ್ತಿಯಾಗಿದೆ. ಮುಂಬಯಿ, ಪುಣೆಯಲ್ಲಿ ಮೂವತ್ತು ನಲವತ್ತು ವರ್ಷ ಕಳೆದು, ಮಕ್ಕಳು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋದ ಮೇಲೆ, ರಿಟೈರ್‌ಮೆಂಟ್ ಹತ್ತಿರ ಬಂದವರಿಗೆ ಊರು ನೆನಪಾಗುತ್ತದೆ. ಅರವತ್ತರ ಶಾಂತಿ ಕಾರ್ಯಕ್ರಮಕ್ಕೆ ಹೋದರೆ ಸ್ಟೇಜಿನ ಪಕ್ಕದಲ್ಲಿ ದೊಡ್ಡ ಫ್ಲೆಕ್ಸ್, ಅದರ ಮೇಲೊಂದು ಆಲದ ಮರ, ಕೊಂಬೆಗೊಂದು ಹೆಸರು. ನಾನು ಇಂಥ ಏಳೆಂಟು ಮರ ನೋಡಿದ್ದೇನೆ. ಬ್ಯಾಂಕಿನವನ ಚಟ ನೋಡಿ, ಸಾಲಾಗಿ ಬರೆದದ್ದು ಕಂಡರೆ ಎಣಿಸುವುದು. ಒಂದು ಮರದಲ್ಲಿ ಏಳು ತಲೆಮಾರು, ನೂರಕ್ಕೂ ಹೆಚ್ಚು ಹೆಸರು. ಹೆಂಗಸರದು ಇಪ್ಪತ್ತೂ ಇರಲಿಲ್ಲ, ಅವೂ ಕೊನೆಯ ಎರಡು ತಲೆಮಾರಿನವು. ಅದಕ್ಕಿಂತ ಮೇಲೆ ಆ ಮನೆತನದಲ್ಲಿ ಗಂಡಸರಿಗೆ ಗಂಡಸರೇ ಹುಟ್ಟಿದ್ದಾರೆ!

ಮನೆಯವರನ್ನು ಕೇಳಿದರೆ, "ಅಜ್ಜಿ ಹೆಸರು ಯಾರಿಗೆ ಗೊತ್ತು, ಅಜ್ಜಿ ಅಂತಲೇ ಕರೀತಿದ್ವಿ" ಅನ್ನುತ್ತಾರೆ. ಆದರೆ ಅದೇ ಸಮಾರಂಭದಲ್ಲಿ ಹಂಚುವ ಸ್ಮರಣ ಪುಸ್ತಿಕೆಯಲ್ಲಿ ಅಜ್ಜಿಯ ಬಗ್ಗೆ ಒಂದು ಪುಟ ಇದ್ದೇ ಇರುತ್ತದೆ. ತ್ಯಾಗಮಯಿ, ಸಹನಾಮೂರ್ತಿ, ಎಲ್ಲವನ್ನೂ ಮನೆತನಕ್ಕೆ ಧಾರೆ ಎರೆದವಳು, ಇತ್ಯಾದಿ. ಹೆಸರು ಗೊತ್ತಿಲ್ಲ, ತ್ಯಾಗ ಮಾತ್ರ ಗೊತ್ತು. ಇದು ಹೇಗೆ ಸಾಧ್ಯ ಅಂತ ಯಾರೂ ಕೇಳುವುದಿಲ್ಲ.

ನಾನು ಹೇಳಹೊರಟಿದ್ದು ಇಷ್ಟೇ. ನಿಮ್ಮ ಅಜ್ಜಿಯ ತ್ಯಾಗದ ಬಗ್ಗೆ ಬರೆಯುವ ಮುಂಚೆ ಒಂದು ಸಲ ನಿಮ್ಮ ತಾಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬನ್ನಿ. ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೂ, ಸಾಧ್ಯವಾದರೆ ಆಕೆಯ ತವರೂರಿನ ಶಾಲೆಗೂ ಹೋಗಿ. ಆಮೇಲೆ ಮನೆಯಲ್ಲಿ ಅತ್ಯಂತ ವಯಸ್ಸಾದ ಹೆಣ್ಣುಮಗಳ ಎದುರು ಕೂತು, ಸಿಕ್ಕ ಕಾಗದ ಓದಿ ಹೇಳಿ. ಬೇರೆಯದೇ ಅಜ್ಜಿ ಸಿಗುತ್ತಾಳೆ. ನನಗೆ ಸಿಕ್ಕಿದ್ದಾಳೆ.

ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಮರಾಠಿಯಲ್ಲಿ ಆಯಿ ಅಂದರೆ ತಾಯಿ, ಹಾಗಾಗಿ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಈ ಕಥೆ ಹೇಳುವಾಗ ಸ್ವಲ್ಪ ಗೊಂದಲ ಆಗುತ್ತದೆ, ಇರಲಿ. ಈಕೆ ನನ್ನ ಅವ್ವನ ಅವ್ವ. ಆಗಿನ ಧಾರವಾಡ ಜಿಲ್ಲೆಯ, ಈಗ ಗದಗ ಜಿಲ್ಲೆಗೆ ಸೇರಿದ ಒಂದು ಹಳ್ಳಿಯವಳು. 1984ರಲ್ಲಿ ತೀರಿಕೊಂಡಳು, ಆಗ ನನಗೆ ಹದಿನೈದು ವರ್ಷ. ಹೆಸರು ಬೇಕು ಅಂತ ಇಷ್ಟು ಹೊತ್ತು ವಾದ ಮಾಡಿ ಆಕೆಯ ಹೆಸರನ್ನು ಇಲ್ಲಿ ಬರೆಯದೆ ಇರುವುದಕ್ಕೆ ಕಾರಣ ಮುಂದೆ ಗೊತ್ತಾಗುತ್ತದೆ. ಮನೆಯ ಪುಸ್ತಕದಲ್ಲಿ ಎರಡೂ ಹೆಸರು ಬರೆದಿಟ್ಟಿದ್ದೇನೆ, ತವರಿನದೂ ಗಂಡನ ಮನೆಯದೂ. ಲಗ್ನದ ದಿನ ಪರಿಯಾಣದಲ್ಲಿ ಅಕ್ಕಿ ಹರಡಿ ಹೊಸ ಹೆಸರು ಬರೆಯುವ ಪದ್ಧತಿ ನಮ್ಮ ಮುಂಬಯಿ ಕರ್ನಾಟಕದ ಎಷ್ಟೋ ಮನೆತನಗಳಲ್ಲಿತ್ತು. ಅಕ್ಕಿ ಒಟ್ಟುಗೂಡಿಸಿದರೆ ಹಳೆಯ ಹೆಸರೂ ಹೋಯಿತು.

ಮನೆಯ ನೆನಪಿನಲ್ಲಿ ಆಯಿಯ ಜೀವನ ಮೂರು ವಾಕ್ಯದಲ್ಲಿ ಮುಗಿಯುತ್ತಿತ್ತು. ಒಂದು, ಹುಟ್ಟುತ್ತಲೇ ತಾಯಿಯನ್ನು ನುಂಗಿದವಳು. ಎರಡು, ಓದು ಬರಹ ಅಷ್ಟಕ್ಕಷ್ಟೆ, ಆದರೆ ಕೈ ರುಚಿ ಅಂದರೆ ಕೈ ರುಚಿ. ಮೂರು, ಗಂಡ ಸತ್ತ ಮೇಲೆ ತನ್ನ ಪಾಲಿನ ಹೊಲವನ್ನು ಭಾವನಿಗೆ ಖುಷಿಯಿಂದ ಬಿಟ್ಟುಕೊಟ್ಟ ದೊಡ್ಡ ಮನಸ್ಸಿನವಳು.

ಮೊದಲನೆಯದನ್ನು ನೋಡೋಣ. "ಇನ್‌ಪ್ಲೆಂಜಾ ಬ್ಯಾನಿ ವರ್ಷ, ಶೀಗಿ ಹುಣ್ಣಿಮಿ ಮುಂದ ಹುಟ್ಟಿದಾಕಿ" ಅಂತ ಆಯಿಯೇ ಹೇಳುತ್ತಿದ್ದಳಂತೆ. ಹಿಂದಿನವರಿಗೆ ತಾರೀಖು ಗೊತ್ತಿರಲಿಲ್ಲ ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. ಅವರು ಇಟ್ಟ ಲೆಕ್ಕ ಬೇರೆ, ಅಷ್ಟೆ. ಇನ್‌ಫ್ಲುಯೆಂಜಾ ಬಂದದ್ದು 1918ರಲ್ಲಿ. ಅದು ಕಾಳಯುಕ್ತಿ ಸಂವತ್ಸರ. ಮುಂಬಯಿ ಇಲಾಖೆಯಲ್ಲಿ ರೋಗ ಅತಿ ಜೋರಾಗಿದ್ದದ್ದು ಸೆಪ್ಟೆಂಬರ್ ಅಕ್ಟೋಬರದಲ್ಲಿ. ಶೀಗಿ ಹುಣ್ಣಿಮೆ ಅಕ್ಟೋಬರಿಗೇ ಬರುತ್ತದೆ. ಅಂದರೆ ತಿಂಗಳ ಮಟ್ಟಿಗೆ ತಾರೀಖು ಸಿಕ್ಕಂತೆಯೇ.

ಆ ಕಾಲದಲ್ಲಿ ಹಳ್ಳಿಗಳಲ್ಲಿ ಹುಟ್ಟು ಸಾವು ಬರೆದಿಡುವ ಪುಸ್ತಕ ಇರುತ್ತಿತ್ತು. ಈಗಿನ ಜನನ ಮರಣ ನೋಂದಣಿ ಕಾಯ್ದೆ 1969ರದು, ಆದರೆ ಅದಕ್ಕಿಂತ ಮುಂಚೆ ಬರೆಯುತ್ತಲೇ ಇರಲಿಲ್ಲ ಅನ್ನುವುದು ತಪ್ಪು ತಿಳುವಳಿಕೆ. ಎಲ್ಲ ಊರಿನದೂ ಉಳಿದಿಲ್ಲ. ಗೆದ್ದಲು ತಿಂದದ್ದಿದೆ, ನೆನೆದು ಮುದ್ದೆಯಾದದ್ದಿದೆ, ಕೆಲವು ಮೋಡಿ ಲಿಪಿಯಲ್ಲಿದ್ದು ಓದುವವರಿಲ್ಲ. ಆಯಿಯ ತವರೂರಿನದು ಉಳಿದಿತ್ತು. ನಾಲ್ಕು ಸಲ ಓಡಾಡಿದ ಮೇಲೆ ನೋಡಲು ಸಿಕ್ಕಿತು. ಅಕ್ಟೋಬರ್ ತಿಂಗಳ ಸಾಲಿನಲ್ಲಿ ಮುತ್ತಜ್ಜನ ಹೆಸರು, ಅದರ ಮುಂದೆ "ಹೆಣ್ಣು" ಅಂತ ಒಂದೇ ಶಬ್ದ. ಹೆಸರಿಲ್ಲ. ಹೆಸರಿಡುವ ಮುಂಚೆಯೇ ಬರೆದುಕೊಳ್ಳುತ್ತಿದ್ದುದರಿಂದ ಗಂಡು ಹುಡುಗರಿಗೂ ಇರುತ್ತಿರಲಿಲ್ಲ, ಅದು ಬೇರೆ ಮಾತು. ಅವರಿಗೆ ಮುಂದೆ ಉತಾರದಲ್ಲಿ, ಪಟ್ಟೆಯಲ್ಲಿ, ಶಾಲೆಯಲ್ಲಿ ಹತ್ತು ಕಡೆ ಹೆಸರು ಬರುತ್ತಿತ್ತು.

ನಾನು ಹುಟ್ಟಿನ ಪುಟ ನೋಡಿ ಎದ್ದು ಬರುವವನಿದ್ದೆ. ಪಕ್ಕದಲ್ಲೇ ಸಾವಿನ ಪುಟ ಇತ್ತು. ಅದೇ ಅಕ್ಟೋಬರ್, ನವೆಂಬರ್. ಬೇರೆ ತಿಂಗಳುಗಳಲ್ಲಿ ನಾಲ್ಕೈದು ಸಾಲಿರುವ ಪುಟಗಳು ಈ ಎರಡು ತಿಂಗಳಲ್ಲಿ ಕೆಳಗಿನವರೆಗೂ ತುಂಬಿ ಹಿಂಬದಿಗೂ ಹೋಗಿವೆ. ಕಾರಣದ ಕಾಲಮಿನಲ್ಲಿ ಜ್ವರ, ಜ್ವರ, ಜ್ವರ. ಬರೆಯುವವನಿಗೆ ಬೇಸರವಾಗಿ ಅರ್ಧಕ್ಕೆ ಬಿಟ್ಟು ಬರೀ ಗೆರೆ ಎಳೆದಿದ್ದಾನೆ. ಆ ಸಾಲುಗಳಲ್ಲಿ ಒಂದು ಮುತ್ತಜ್ಜಿಯದು. "ಇಂಥವನ ಹೆಂಡತಿ", ಜ್ವರ. ಕೂಸು ಹುಟ್ಟಿ ಹದಿನೆಂಟು ದಿನಕ್ಕೆ.

ತಾಯಿಯನ್ನು ನುಂಗಿದ ಕೂಸು! ಅರವತ್ತಾರು ವರ್ಷ ಆ ಮಾತನ್ನು ಆಕೆ ಕೇಳಿಸಿಕೊಂಡಳು. ಮಲತಾಯಿ ಅಂದಳು, ಅತ್ತೆ ಅಂದಳು, ಗಂಡ ಸತ್ತಾಗ ಊರೇ ಅಂದಿತು. ಊರ ಪುಸ್ತಕ ಮಾತ್ರ ಅಷ್ಟೂ ವರ್ಷ ತಾಲೂಕು ಕಚೇರಿಯ ಕಪಾಟಿನಲ್ಲಿ ಬೇರೆಯೇ ಮಾತು ಹೇಳುತ್ತ ಕೂತಿತ್ತು. ಆ ಎರಡು ತಿಂಗಳಲ್ಲಿ ಊರಿನಲ್ಲಿ ಸತ್ತವರೆಲ್ಲರನ್ನೂ ಒಂದು ಕೂಸು ನುಂಗಿತೇ? ನಾನು ಫೋಟೋ ಹೊಡೆದುಕೊಂಡು ಬಂದು ಅವ್ವಗೆ ಓದಿ ಹೇಳಿದೆ. ಅವ್ವನಿಗೆ ಈಗ 85. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಆಕಿಗೆ ಯಾರರ ಓದಿ ಹೇಳಬೇಕಾಗಿತ್ತು" ಅಂದಳು.

ಇದು ದಾಖಲೆ ನೆನಪನ್ನು ತಿದ್ದಿದ ಬಗೆ. ಹಾಗಂತ ದಾಖಲೆ ಹೇಳಿದ್ದೆಲ್ಲ ಸತ್ಯ ಅಂತ ತಿಳಿಯಬೇಡಿ. ತವರೂರಿನ ಹೆಣ್ಣುಮಕ್ಕಳ ಶಾಲೆಯ ಜನರಲ್ ರಜಿಸ್ಟರಿನಲ್ಲಿ ಆಯಿಯ ಹುಟ್ಟಿದ ದಿನ 1-6-1919 ಅಂತ ಇದೆ. ಜೂನ್ 1! ನಮ್ಮ ತಲೆಮಾರಿನವರಿಗೂ ಅರ್ಧಕ್ಕರ್ಧ ಜನಕ್ಕೆ ಅದೇ ಹುಟ್ಟುಹಬ್ಬ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಕೂಡಿಬರುವಂತೆ ಮಾಸ್ತರರು ಬರೆದುಕೊಂಡ ತಾರೀಖು ಅದು. ಬ್ಯಾಂಕಿನಲ್ಲಿ ಪೆನ್ಶನ್ ಅರ್ಜಿ ನೋಡುವಾಗ ಜೂನ್ 1ರವರು ಎಷ್ಟು ಜನ ಸಿಗುತ್ತಾರೆ ಅಂದರೆ ಆ ದಿನ ಉತ್ತರ ಕರ್ನಾಟಕದಲ್ಲಿ ಬೇರೇನೂ ಕೆಲಸವೇ ಇರಲಿಲ್ಲವೇನೋ ಅನಿಸುತ್ತದೆ. ಇಲ್ಲಿ ಮನೆಯ ನೆನಪೇ ಸರಿ.

ಆದರೆ ಅದೇ ರಜಿಸ್ಟರಿನಲ್ಲಿ ಇನ್ನೆರಡು ಸಂಗತಿ ಇವೆ. ಒಂದು, ಆಯಿಯ ತವರಿನ ಹೆಸರು. ನನಗೆ ಸಿಕ್ಕ ಸರಕಾರಿ ಕಾಗದಗಳಲ್ಲೆಲ್ಲ ಆ ಹೆಸರು ಇರುವುದು ಅಲ್ಲಿ ಮಾತ್ರ. ಇನ್ನೊಂದು ಶಾಲೆ ಬಿಟ್ಟ ಕಾರಣ. ಒಂದೇ ಶಬ್ದ, "ಲಗ್ನ". 1930ರ ಫೆಬ್ರುವರಿ. ಮೂರನೇ ಇಯತ್ತೆ ಪಾಸಾಗಿ ನಾಲ್ಕನೇದರಲ್ಲಿದ್ದಳು, ವಯಸ್ಸು ಹನ್ನೊಂದು ದಾಟಿತ್ತು.

ಆ ಫೆಬ್ರುವರಿಗೆ ಒಂದು ಹಿನ್ನೆಲೆ ಇದೆ. ಹುಡುಗಿಗೆ ಹದಿನಾಲ್ಕು ತುಂಬುವ ಮುಂಚೆ ಮದುವೆ ಮಾಡಬಾರದೆಂಬ ಸಾರ್ದಾ ಕಾಯ್ದೆ 1929ರಲ್ಲಿ ಪಾಸಾಗಿ, ಜಾರಿಗೆ ಬಂದದ್ದು 1930ರ ಏಪ್ರಿಲ್ 1ಕ್ಕೆ. ನಡುವೆ ಸಿಕ್ಕ ಆ ಕೆಲವು ತಿಂಗಳಲ್ಲಿ ದೇಶದ ತುಂಬ ಸಾಲುಸಾಲು ಮದುವೆ ನಡೆದವು. ಮುಂದಿನ ವರ್ಷದ ಜನಗಣತಿಯಲ್ಲಿ ಬಾಲ್ಯವಿವಾಹದ ಸಂಖ್ಯೆ ಏರಿದ್ದು ಇದರಿಂದಲೇ. "ಕಾಯ್ದೆ ಬರತೈತಿ ಅಂತ ಗಡಿಬಿಡೀಲೆ ಲಗ್ನ ಮಾಡಿದ್ರು" ಅಂತ ಆಯಿ ಹೇಳುತ್ತಿದ್ದುದು ಅವ್ವನಿಗೆ ನೆನಪಿದೆ, ಯಾವ ಕಾಯ್ದೆ ಅಂತ ಗೊತ್ತಿರಲಿಲ್ಲ. ಹುಡುಗಿಯರನ್ನು ಉಳಿಸಲು ಬಂದ ಕಾಯ್ದೆ ಆಯಿಯ ಶಾಲೆಯನ್ನು ಬೇಗ ಬಿಡಿಸಿತು.

ಈಗ ಎರಡನೇ ವಾಕ್ಯಕ್ಕೆ ಬರೋಣ, ಓದು ಬರಹ ಅಷ್ಟಕ್ಕಷ್ಟೆ ಅನ್ನುವುದು. ಇದನ್ನು ಮೂರನೆಯದರ ಜೊತೆಗೇ ಹೇಳಬೇಕು.

1943ರಲ್ಲಿ ಅಜ್ಜ ತೀರಿಕೊಂಡಾಗ ಆಯಿಗೆ ಇಪ್ಪತ್ತೈದು, ಅವ್ವನಿಗೆ ಮೂರು. ಗಂಡು ಮಕ್ಕಳಿಲ್ಲ. ಅಜ್ಜನೂ ಅವನ ಅಣ್ಣನೂ ಒಟ್ಟಿಗಿದ್ದ ಮನೆ, ಅದೇ ನಮ್ಮ ದೊಡ್ಡಜ್ಜ. ಅಲ್ಲಿಗೆ ವಿಧವೆಯ ಹಕ್ಕಿನ ಕಥೆ ಸ್ವಲ್ಪ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1937ರ ತನಕ ಇಂಥ ಮನೆಯಲ್ಲಿ ವಿಧವೆಗೆ ಪೋಟಗಿ, ಅಂದರೆ ಅನ್ನ ಬಟ್ಟೆಯ ಹಕ್ಕು ಮಾತ್ರ. ಹಳೆಯ ಮೈಸೂರಿನವರು 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಒಂದು ಕಾಯ್ದೆ ಮಾಡಿಕೊಂಡಿದ್ದರು, ಅದು ನಮ್ಮ ಮುಂಬಯಿ ಇಲಾಖೆಗೆ ಅನ್ವಯಿಸುತ್ತಿರಲಿಲ್ಲ. 1937ರ ಕಾಯ್ದೆ ವಿಧವೆಗೆ ಗಂಡನ ಪಾಲನ್ನು ಕೊಟ್ಟಿತು, ಆದರೆ ಬದುಕಿರುವ ತನಕ ಉಣ್ಣಲಿಕ್ಕೆ ಮಾತ್ರ. ಆಕೆಯ ನಂತರ ಅದು ಗಂಡನ ಕಡೆಯ ವಾರಸುದಾರರಿಗೇ ವಾಪಸ್. ಅದರಲ್ಲೂ ಬೇಸಾಯದ ಜಮೀನಿಗೆ ಈ ಕಾಯ್ದೆ ತಾಗುವುದಿಲ್ಲ ಅಂತ 1941ರಲ್ಲಿ ಫೆಡರಲ್ ಕೋರ್ಟು ಹೇಳಿತು, ಆಮೇಲೆ ಒಂದೊಂದೇ ಪ್ರಾಂತ ತನ್ನದೇ ಕಾಯ್ದೆ ಮಾಡಿ ಜಮೀನನ್ನೂ ಸೇರಿಸಿತು. ಕೊನೆಗೆ 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅದರ 14ನೇ ಕಲಮು ಒಂದೇ ಏಟಿಗೆ ಹೆಂಗಸಿನ ಸ್ವಾಧೀನದಲ್ಲಿದ್ದ ಇಂಥ ಆಸ್ತಿಯನ್ನೆಲ್ಲ ಪೂರ್ತಿ ಅವಳದೇ ಮಾಡಿತು. ಮಾರಬಹುದು, ಮಗಳಿಗೆ ಕೊಡಬಹುದು, ಯಾರಿಗೂ ವಾಪಸ್ ಮಾಡಬೇಕಿಲ್ಲ.

ಆಯಿ ಹಕ್ಕು ಬಿಟ್ಟ ಪತ್ರ ರಿಜಿಸ್ಟರ್ ಆದದ್ದು 1958ರ ಮಾರ್ಚಿನಲ್ಲಿ.

ಹದಿನೈದು ವರ್ಷ ಒಂದೇ ಮನೆಯಲ್ಲಿ ಇದ್ದಾರೆ, ಯಾವ ಪತ್ರವೂ ಬೇಕಾಗಿರಲಿಲ್ಲ. 1956ರಲ್ಲಿ ಕಾಯ್ದೆ ಬಂತು, 1957ರ ಬೇಸಿಗೆಯಲ್ಲಿ ಒಬ್ಬಳೇ ಮಗಳಿಗೆ ಲಗ್ನವಾಗಿ ಹುಬ್ಬಳ್ಳಿಗೆ ಹೋದಳು, ಮರುವರ್ಷ ಪತ್ರ. ಸಾಲದ ಫೈಲು ಓದುವವರಿಗೆ ತಾರೀಖುಗಳೇ ಸಾಕು. ಕಾಯ್ದೆ ಬದಲಾದದ್ದು ಆಯಿಗೆ ತಿಳಿಯುವ ಮುಂಚೆ ದೊಡ್ಡಜ್ಜನಿಗೆ ತಿಳಿದಿತ್ತು ಅಂತ ನನ್ನ ಅಭಿಪ್ರಾಯ. ಹೊಲ ಮುಂದೆ ಅಳಿಯನ ಮನೆಗೆ ಹೋದೀತು ಅನ್ನುವ ಹೆದರಿಕೆ ಆ ಕಾಲದ ಎಲ್ಲ ಒಟ್ಟು ಮನೆಗಳಲ್ಲೂ ಇತ್ತು.

ಈ ಪತ್ರ ನೋಡುವುದು ಕಷ್ಟವಲ್ಲ, ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ಪತ್ರಗಳ ಪುಸ್ತಕವನ್ನೂ, ಅದರ ಇಂಡೆಕ್ಸುಗಳನ್ನೂ ಫೀ ಕಟ್ಟಿದ ಯಾರೇ ಆಗಲಿ ನೋಡಬಹುದು, ನಕಲು ತೆಗೆದುಕೊಳ್ಳಬಹುದು. ವಾರಸುದಾರ ಆಗಿರಬೇಕಿಲ್ಲ, ವಕೀಲರ ಮೂಲಕ ಹೋಗಬೇಕಿಲ್ಲ. ಒಂದನೇ ಇಂಡೆಕ್ಸಿನಲ್ಲಿ ಹೆಸರಿನಿಂದ ಹುಡುಕಬೇಕು, ಎರಡನೆಯದರಲ್ಲಿ ಆಸ್ತಿಯಿಂದ. ಹೆಂಗಸರನ್ನು ಹುಡುಕುವವರು ಎರಡನೆಯದನ್ನೇ ನೋಡಿ, ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ಹೆಸರು ಬದಲಾಗುತ್ತದೆ, ಹೊಲ ಎಲ್ಲಿಗೂ ಹೋಗುವುದಿಲ್ಲ.

ನಕಲು ಕೈಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಶಬ್ದ. "ಈ ಹಕ್ಕನ್ನು ನಾನು ರಾಜೀಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿರುತ್ತೇನೆ." ರಾಜೀಖುಷಿಯಿಂದ! ನಮ್ಮ ಕಡೆಯ ಬಾಂಡ್ ರೈಟರುಗಳು ಬರೆದ ಯಾವ ಪತ್ರ ಬೇಕಾದರೂ ತೆಗೆಯಿರಿ, ಈ ಶಬ್ದ ಇದ್ದೇ ಇರುತ್ತದೆ. ಹೊಲ ಹರಾಜಿಗೆ ಬಂದು ಅಳುತ್ತ ಮಾರಿದವನ ಪತ್ರದಲ್ಲೂ ಇರುತ್ತದೆ. ಬ್ಯಾಂಕಿನಲ್ಲಿ ನಾವು ಬರೆಸಿಕೊಳ್ಳುವ ಜಾಮೀನು ಪತ್ರದಲ್ಲೂ ಇಂಥದ್ದೇ ಒಂದು ಸಾಲು ಅಚ್ಚಾಗಿರುತ್ತದೆ. ಪತ್ರ ಮುಂದೆ ಕೋರ್ಟಿನಲ್ಲಿ ನಿಲ್ಲಬೇಕಲ್ಲ, ಅದಕ್ಕೆ.

ಊರಿನಲ್ಲಿ ದೊಡ್ಡಜ್ಜನ ಮಗ ಇದ್ದಾರೆ, ನನಗೆ ಮಾವ ಆಗಬೇಕು, ಎಂಬತ್ತು ದಾಟಿದೆ. ಅವರ ಬಾಯಲ್ಲಿ ಕೇಳಿದ ಮಾತು ಇದು: "ನಿಮ್ಮಾಯಿ ಭಾಳ ದೊಡ್ಡ ಮನಸಿನಾಕಿ ತಮ್ಮಾ. ನಮ್ಮಪ್ಪ ಕೇಳಿದ ಕೂಡ್ಲೇ ಖುಷಿಲೆ ಬರದು ಕೊಟ್ಲು." ಅವರು ಸುಳ್ಳು ಹೇಳುತ್ತಿಲ್ಲ. ಅವರ ಅಪ್ಪ ಹೇಳಿದ್ದನ್ನು ಹೇಳುತ್ತಿದ್ದಾರೆ. ಅವರ ಅಪ್ಪ ಹೇಳಿದ್ದು ಪತ್ರದಲ್ಲಿದ್ದದ್ದನ್ನು. ಪತ್ರದಲ್ಲಿದ್ದದ್ದು ಯಾವನೋ ಬಾಂಡ್ ರೈಟರು ದಿನಾ ಬರೆಯುತ್ತಿದ್ದ ಸಾಲು. ಅರವತ್ತೈದು ವರ್ಷ ನಮ್ಮ ಮನೆತನ ಆಯಿಯ ಖುಷಿ ಅಂತ ನಂಬಿಕೊಂಡು ಬಂದದ್ದು ಈ ಸ್ಟಾಂಪ್ ಪೇಪರಿನ ಖುಷಿಯನ್ನು.

ಇನ್ನು ಪತ್ರದ ಕೊನೆ. ಬರೆದುಕೊಟ್ಟವರ ಜಾಗದಲ್ಲಿ ಆಯಿಯ ಗಂಡನ ಮನೆಯ ಹೆಸರು, ಅದರ ಮುಂದೆ "ನಿಶಾಣಿ ಹೆಬ್ಬೆಟ್ಟು, ಸಹಿ ಬರುವುದಿಲ್ಲ".

ಅವ್ವನ ಟ್ರಂಕಿನಲ್ಲಿ ಒಂದು ಕಟ್ಟು ಇದೆ. ಹುಬ್ಬಳ್ಳಿಯಿಂದ ತಾಯಿಗೆ ಕಳಿಸುತ್ತಿದ್ದ ಮನಿಆರ್ಡರಿನ ಪಾವತಿ ಚೀಟಿಗಳು. ಈಗಿನ ಹುಡುಗರಿಗೆ ಹೇಳಬೇಕು: ಅಂಚೆಯವನು ದುಡ್ಡು ಕೊಟ್ಟು, ಫಾರ್ಮಿನ ಒಂದು ತುಂಡಿನ ಮೇಲೆ ಸಹಿ ಮಾಡಿಸಿಕೊಂಡರೆ ಆ ತುಂಡು ಕಳಿಸಿದವರಿಗೆ ವಾಪಸ್ ಬರುತ್ತಿತ್ತು. ಆ ಪದ್ಧತಿಯೇ 2015ರಲ್ಲಿ ನಿಂತುಹೋಯಿತು. ಅವ್ವ ಒಂದನ್ನೂ ಬಿಸಾಡಿಲ್ಲ. ಮೊದಲನೆಯದು 1957ರ ಆಗಸ್ಟ್, ಹತ್ತು ರೂಪಾಯಿ. ಅದರ ಮೇಲೆ ಆಯಿಯ ಸಹಿ. ಅಕ್ಷರ ದುಂಡಗಿವೆ, ಶಾಲೆಯಲ್ಲಿ ಕಲಿತ ಅಕ್ಷರ, ಹೆಸರಿನ ಕೊನೆಗೆ ಒಂದು ಚುಕ್ಕೆ ಇಡುತ್ತಿದ್ದಳು. 1958ರ ಫೆಬ್ರುವರಿಯದರ ಮೇಲೆ ಸಹಿ ಇದೆ. ಏಪ್ರಿಲ್‌ನದರ ಮೇಲೂ ಇದೆ. ನಡುವಿನ ಮಾರ್ಚಿನಲ್ಲಿ ಮಾತ್ರ ಆಕೆಗೆ ಸಹಿ ಬರುತ್ತಿರಲಿಲ್ಲ!

ಇದರಿಂದ ಏನು ಸಿದ್ಧವಾಗುತ್ತದೆ? ಕೋರ್ಟಿನ ಮಟ್ಟಿಗೆ ಏನೂ ಇಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರ್ ನೋಡಿದವನಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸೀರೆ ಸೆರಗು ಹೊದ್ದ ಮುದುಕಿ ಬಂದರೆ, ಸಹಿ ಬರುತ್ತದೋ ಇಲ್ಲವೋ ಕೇಳದೆ ಇಂಕ್ ಪ್ಯಾಡ್ ಮುಂದೆ ತಳ್ಳುವ ಗುಮಾಸ್ತರು ಎಲ್ಲ ಕಾಲದಲ್ಲೂ ಇದ್ದಾರೆ. ಅಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ, ಅವಸರ ಇರುತ್ತದೆ, ಇವಳಿಗೆ ಬರೋದಿಲ್ಲ ಅನ್ನುವ ಉಡಾಫೆ ಇರುತ್ತದೆ. ಆದರೆ ಸಹಿ ಮಾಡುವವರ ಮುಂದೆ ಕಾಗದ ಇಟ್ಟರೆ ಅವರು ಒಂದು ಸಲ ಓದುತ್ತಾರೆ. ಹೆಬ್ಬೆಟ್ಟು ಒತ್ತುವವರಿಗೆ ಇನ್ನೊಬ್ಬರು ಓದಿ ಹೇಳುತ್ತಾರೆ, ಓದಿ ಹೇಳಿದಷ್ಟೇ ಅವರಿಗೆ ಗೊತ್ತಾಗುವುದು. ಪತ್ರ ಬರೆಸಿದ ದಿನ ಆಯಿಯ ಜೊತೆ ಅವಳ ಕಡೆಯವರು ಒಬ್ಬರೂ ಇರಲಿಲ್ಲ. ಸಾಕ್ಷಿ ಹಾಕಿದ ಇಬ್ಬರೂ ದೊಡ್ಡಜ್ಜನ ಕಡೆಯವರೇ.

ಅವ್ವ ದೊಡ್ಡಪ್ಪನನ್ನು ಬಿಟ್ಟುಕೊಡುವುದಿಲ್ಲ. "ಕೆಟ್ಟಾಂವ ಅಲ್ಲಪ್ಪಾ ಅಂವ. ನನ್ನ ಲಗ್ನ ಅಂವನ ಮಾಡ್ಯಾನ. ಸಾಲ ತಗದ ಮಾಡ್ಯಾನ." ಇದೂ ನಿಜವೇ. ಆ ಸಾಲ ತೀರಿಸಲು ಹೊಲ ಅಡವಿಡಬೇಕಾಗಿದ್ದು, ಅದಕ್ಕೆ ಒಂದೇ ಹೆಸರಿದ್ದರೆ ಅನುಕೂಲ ಅಂತ ಪತ್ರ ಮಾಡಿಸಿರಬಹುದು. ಪತ್ರದಲ್ಲೇ ಆಯಿಗೆ ಪಡಸಾಲೆಯ ಪಕ್ಕದ ಕೋಣೆ, ವರ್ಷಕ್ಕೆ ನಾಲ್ಕು ಚೀಲ ಬಿಳಿಜೋಳ ಅಂತ ಬರೆದಿದೆ. ಅವ್ವನ ಲೆಕ್ಕದಲ್ಲಿ ಮೊದಲ ಕೆಲವು ವರ್ಷ ನಾಲ್ಕೂ ಬಂದವು, ಆಮೇಲೆ ಎರಡು ಬಂದರೆ ಪುಣ್ಯ. ಮನಿಆರ್ಡರ್ ಚೀಟಿಗಳೂ ಅದನ್ನೇ ಹೇಳುತ್ತವೆ. ಹತ್ತು ರೂಪಾಯಿ ಹದಿನೈದಾಗಿ, 1965ರ ಹೊತ್ತಿಗೆ ಇಪ್ಪತ್ತೈದಾಗಿದೆ. ಅಪ್ಪನ ರೈಲ್ವೆ ಪಗಾರದಲ್ಲಿ ಇಪ್ಪತ್ತೈದು ಸಣ್ಣ ಮೊತ್ತವಲ್ಲ. ಅಪ್ಪ ಒಂದು ದಿನವೂ ಬೇಡ ಅನ್ನಲಿಲ್ಲವಂತೆ, ಹಾಗಂತ ವಂಶವೃಕ್ಷದ ಯಾವ ಕೊಂಬೆಯಲ್ಲೂ ಬರೆದಿಲ್ಲ.

ಹಾಗಾದರೆ ಆಯಿಯದು ತ್ಯಾಗವೋ, ಮೋಸವೋ? ಎರಡರಲ್ಲಿ ಒಂದನ್ನು ಬರೆಯಲೇಬೇಕು ಅನ್ನುವ ಹಟ ನನಗಿಲ್ಲ. ಆಕೆಯೇ ಯೋಚಿಸಿ, ಊರಲ್ಲಿ ಜಗಳ ಬೇಡ, ಇರುವ ತನಕ ಇದೇ ಮನೆಯಲ್ಲಿ ಇರಬೇಕು ಅಂತ ಹೆಬ್ಬೆಟ್ಟು ಒತ್ತಿರಲೂಬಹುದು. ಆದರೆ ಅದನ್ನು ಖುಷಿ ಅಂತ ಬರೆಯಲು ನಾನು ತಯಾರಿಲ್ಲ. "ಹೊಲದ ಪತ್ರ ಆಯ್ತು, ಮನಿ ಕೆಲಸ ಸುಮ್ನ ಮಾಡ್ಕೊಂತ ಇದ್ದೀನಿ" ಅಂತ ಆಯಿ ಆ ವರ್ಷ ಒಂದು ಕಾರ್ಡು ಬರೆದಿದ್ದಳಂತೆ. ಕಾರ್ಡು ಉಳಿದಿಲ್ಲ, ಅವ್ವನಿಗೆ ಆ ಸಾಲು ಬಾಯಿಪಾಠ ಇದೆ. ಓದು ಬರಹ ಅಷ್ಟಕ್ಕಷ್ಟೆ ಇದ್ದವಳು ಬರೆದ ಸಾಲು.

ಊರಿನಿಂದ ದೂರ ಇರುವ ನಮಗೆ ಇದರಲ್ಲಿ ಒಂದು ಅನುಕೂಲ ಇದೆ. ಅಲ್ಲಿರುವವರು ಹಳೆಯ ಕಾಗದ ಕೇಳಿದರೆ ಇವನಿಗೆ ಆಸ್ತಿ ಬೇಕಾಗಿದೆ ಅನ್ನುತ್ತಾರೆ. ನಮ್ಮನ್ನೂ ಹಾಗೇ ಅನ್ನುತ್ತಾರೆ, ಆದರೆ ನಾವು ರಾತ್ರಿ ಗಾಡಿ ಹತ್ತಿ ವಾಪಸ್ ಬಂದುಬಿಡುತ್ತೇವೆ. ಮಾವನಿಗೆ ಮಾತ್ರ ನಾನು ಮೊದಲೇ ಹೇಳಿದ್ದೆ, ಹೊಲದ ಮಾತು ಮುಗಿದದ್ದು, ನನಗೆ ಒಂದು ಗುಂಟೆಯೂ ಬೇಡ ಅಂತ. ಚೀಟಿ, ಪತ್ರ ಎರಡನ್ನೂ ತೋರಿಸಿದೆ. ಬಹಳ ಹೊತ್ತು ಕನ್ನಡಕ ಒರೆಸಿದರು. "ಬರಿ ತಮ್ಮಾ, ಬ್ಯಾಡ ಅನ್ನೂದಿಲ್ಲ. ನಮ್ಮಪ್ಪನ ಹೆಸರು ಊರಿನ ಹೆಸರು ಹಾಕಬ್ಯಾಡ, ಮೊಮ್ಮಕ್ಕಳು ಮದುವಿಗೆ ಬಂದಾವ" ಅಂದರು. ಒಪ್ಪಿಕೊಂಡೆ. ಆಯಿಯ ಹೆಸರು ಬರೆದರೆ ಊರಿನವರಿಗೆ ಉಳಿದದ್ದು ತಾನೇ ತಿಳಿಯುತ್ತದೆ, ಅದಕ್ಕೇ ಅದೂ ಇಲ್ಲ.

ಕೆಲವರು ಜನಗಣತಿಯಲ್ಲಿ ಹುಡುಕಿ ಅಂತ ಸಲಹೆ ಕೊಡುತ್ತಾರೆ. ಅದು ಮಕ್ಕಳು ಅಮೆರಿಕದಿಂದ ಕಳಿಸಿದ ಸಲಹೆ. ಅಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಯನ್ನೇ ಜನರಿಗೆ ಬಿಡುತ್ತಾರೆ, 1950ರದನ್ನು 2022ರಲ್ಲಿ ಬಿಟ್ಟರು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಅದನ್ನು ಯಾರಿಗೂ ತೋರಿಸುವಂತಿಲ್ಲ ಅನ್ನುತ್ತದೆ. ಮತದಾರರ ಪಟ್ಟಿಯೂ ಅಷ್ಟೆ ನೋಡಿ. 1951-52ರ ಮೊದಲ ಚುನಾವಣೆಯಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದಲೇ ತೆಗೆಯಬೇಕಾಯಿತು, ಹೆಚ್ಚಿನವರು ಉತ್ತರದ ರಾಜ್ಯಗಳವರು. ಮಹಾರಾಷ್ಟ್ರದಲ್ಲಿರುವವರು 2023ರಲ್ಲಿ ಕಣ್ಣಾರೆ ನೋಡಿದ್ದೀರಿ, ಕುಣಬಿ ಅಂತ ಬರೆದಿದೆಯೇ ನೋಡಲು ಸರಕಾರವೇ ಹಳೆಯ ದಫ್ತರಗಳನ್ನೆಲ್ಲ ಹೊರಗೆ ತೆಗೆಸಿತು, ಮೋಡಿ ಓದುವವರಿಗೆ ಒಮ್ಮೆಲೇ ಬೇಡಿಕೆ ಬಂತು. ಅಲ್ಲೂ ಹುಡುಕಿದ್ದು ಅಜ್ಜ ಮುತ್ತಜ್ಜರನ್ನು, ಜಾತಿಯ ದಾಖಲೆ ಅಪ್ಪನ ಕಡೆಯಿಂದಲೇ ಬರಬೇಕಲ್ಲ. ನಮ್ಮ ಊರಿಗೆ ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರೂ ಹೇಳುವುದು ಹೆಚ್ಚಾಗಿ ಗಂಡಸರ ಸಾಲನ್ನೇ. ಕಾಳು ಬಟ್ಟೆ ಕೊಟ್ಟು ಕಳಿಸುವಾಗ ಹೆಣ್ಣುಮಕ್ಕಳದೂ ಸೇರಿಸಿಕೊಳ್ಳಿ ಅಂತ ಈ ಸಲ ಹೇಳಿ ನೋಡಬೇಕು.

ಇದೆಲ್ಲ ಹಳೆಯ ಕಾಲದ್ದು ಅನ್ನುವವರಿಗೆ ನನ್ನ ಕ್ಯಾಬಿನ್ನಿನ ಕಥೆ ಹೇಳುತ್ತೇನೆ. ಕರ್ನಾಟಕ, ಮಹಾರಾಷ್ಟ್ರ ಎರಡೂ 1994ರಲ್ಲೇ ಹೆಣ್ಣುಮಕ್ಕಳಿಗೆ, ಆಗಿನ್ನೂ ಮದುವೆಯಾಗದವರಿಗೆ, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟವು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಬಂತು, ಮದುವೆಯಾದವರಿಗೂ ಸೇರಿಸಿ. ಆ ದಿನ ತಂದೆ ಬದುಕಿರಬೇಕೇ ಬೇಡವೇ ಅನ್ನುವ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ತೀರ್ಪಿನಲ್ಲಿ ಬಗೆಹರಿಸಿತು, ಬೇಕಿಲ್ಲ ಅಂತ. ಆದ್ದರಿಂದ ಈಗ ಹಿರಿಯರ ಆಸ್ತಿಯ ಮೇಲೆ ಸಾಲ ಕೇಳಿದರೆ ನಮ್ಮ ವಕೀಲರು ಮೊದಲು ಕೇಳುವುದು, ಅಕ್ಕ ತಂಗಿಯರು ಎಷ್ಟು ಜನ, ಹಕ್ಕು ಬಿಡುಗಡೆ ಪತ್ರ ಎಲ್ಲಿ ಅಂತ. ಇಲ್ಲಿಯವರು ಹಕ್ಕಸೋಡ ಪತ್ರ ಅನ್ನುತ್ತಾರೆ. ಅಣ್ಣ ಫೋನು ಮಾಡುತ್ತಾನೆ. ಪುಣೆಯಿಂದ, ಸೊಲ್ಲಾಪುರದಿಂದ, ಹೈದರಾಬಾದಿನಿಂದ ಅಕ್ಕ ತಂಗಿಯರು ಒಂದು ದಿನದ ರಜೆ ಹಾಕಿ ಬರುತ್ತಾರೆ. ಎಂ.ಎ. ಮಾಡಿದವರು, ಶಾಲೆಯಲ್ಲಿ ಕಲಿಸುವವರು. ಎಲ್ಲಿ ಸಹಿ ಅಂತ ಕೇಳುತ್ತಾರೆ, ಬಾಂಡ್ ರೈಟರು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿರುತ್ತಾನೆ, ಹಾಕುತ್ತಾರೆ. ಈಗ ಫೋಟೋ, ಬೆರಳಚ್ಚು ಎಲ್ಲ ಕಂಪ್ಯೂಟರಿನಲ್ಲಿ. ಮಧ್ಯಾಹ್ನ ಖಾನಾವಳಿಯಲ್ಲಿ ಹೋಳಿಗೆ ಊಟ, ಅತ್ತಿಗೆ ಖಣ ಕಾಯಿ ಉಡಿ ತುಂಬುತ್ತಾಳೆ, ಸಂಜೆ ಬಸ್ಸು. ಒಬ್ಬಾಕೆಯನ್ನು ಕೇಳಿದೆ, ಎಷ್ಟು ಎಕರೆ ಅಂತ ಗೊತ್ತೇನಮ್ಮಾ ಅಂತ. ನಕ್ಕಳು. "ತವರುಮನಿ ಬಾಗ್ಲಾ ತಗದಿದ್ರ ಸಾಕಲ್ಲ ಸರ" ಅಂದಳು.

ಅವಳು ಕೊಟ್ಟದ್ದು ಬಾಗಿಲು ತೆರೆದಿಡಲು ಅಂತ ಅವಳಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿದಳು. ಪತ್ರದಲ್ಲಿ ಅದು ಇಲ್ಲ. ಪತ್ರದಲ್ಲಿ "ಸ್ವಸಂತೋಷದಿಂದ" ಅಂತ ಇದೆ. ಅವಳ ಅಣ್ಣನ ಮೊಮ್ಮಕ್ಕಳು ಮುಂದೊಂದು ದಿನ ನಕಲು ತೆಗೆಸಿದರೆ ಅವರಿಗೆ ಸಿಗುವುದೂ ಅದೇ.

ಇನ್ನೊಂದು ಕಾಗದ ಬಾಕಿ ಇದೆ. 1943ರಲ್ಲಿ ಅಜ್ಜ ತೀರಿಕೊಂಡ ಮೇಲೆ ತಲಾಟಿ ಹಾಕಿದ ವಾರಸಾ ಡೈರಿ. ಅದರಲ್ಲಿ ಆಯಿಯ ಹೆಸರು ಹಚ್ಚಿದ್ದರೋ, ಅಥವಾ ದೊಡ್ಡಜ್ಜನದೊಂದೇ ಬರೆದು ಪಕ್ಕಕ್ಕೆ ಏಕತ್ರ ಕುಟುಂಬದ ಮ್ಯಾನೇಜರ ಅಂತ ಸೇರಿಸಿದ್ದರೋ ನೋಡಬೇಕು. ಹೋದ ತಿಂಗಳು ಅರ್ಜಿ ಕೊಟ್ಟು ಫೀ ಕಟ್ಟಿ ಬಂದಿದ್ದೇನೆ. ರೆಕಾರ್ಡ್ ರೂಮಿನ ಕೀಲಿ ಇರುವವರು ರಜೆಯಲ್ಲಿದ್ದರು. ಅವ್ವ ದಿನಾ ಕೇಳುತ್ತಾಳೆ, ಬಂತೇನು ಅಂತ.